ರೈಸ್ ಅಂದರೆ ಯಾರು? ಅಡ್ಡಹೆಸರು ಕೇಳುವವರೇ ಹೇಳಲಿ

ಅಡ್ಡಹೆಸರು ಕೇಳಿದರೆ ಸಾಕು, ಆಳು ಎಂಥವನು ಅಂತ ಹೇಳಿಬಿಡ್ತೀವಿ ಅನ್ನುವ ಮಹಾನುಭಾವರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೊಂದು ಸವಾಲು. 'ರೈಸ್' ಎಂಬ ಇಂಗ್ಲಿಷ್ ಅಡ್ಡಹೆಸರಿನ ಈ ನಾಲ್ವರನ್ನು ನೋಡಿ.

ಮೊದಲಿಗೆ, ಈ ಹೆಸರಿಗೂ ಅಕ್ಕಿಗೂ ಸಂಬಂಧವಿಲ್ಲ. ಬ್ರಿಟನ್ನಿನ ವೇಲ್ಸ್ ಸೀಮೆಯ 'ರೀಸ್' ಎಂಬ ಹಳೆಯ ಹೆಸರೇ ಬಹುಪಾಲು ಇಂಗ್ಲಿಷರ ಬಾಯಲ್ಲಿ ರೈಸ್ ಆದದ್ದು.

ಒಬ್ಬರು ನಮ್ಮವರೇ, ಬಿ.ಎಲ್. ರೈಸ್. ಪಾದ್ರಿಯ ಮಗ, 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ನಮ್ಮ ಊರೂರಿನ ಗುಡಿ, ಕೆರೆ, ಹೊಲಗಳಲ್ಲಿ ಬಿದ್ದಿದ್ದ ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಉಳಿಸಿಕೊಟ್ಟರು.

ಇನ್ನೊಬ್ಬ ಅಮೆರಿಕದ ಬಿಳಿಯ ನಟ ಥಾಮಸ್ ರೈಸ್. 1830ರ ಸುಮಾರಿಗೆ ಮುಖಕ್ಕೆ ಮಸಿ ಬಳಿದುಕೊಂಡು, 'ಜಿಮ್ ಕ್ರೋ' ಎಂಬ ಪಾತ್ರ ಕಟ್ಟಿ, ಕಪ್ಪು ಜನರನ್ನು ಅಣಕಿಸಿ ಕುಣಿದ. ದುಡ್ಡು, ಹೆಸರು ಎರಡೂ ಬಂತು. ಮುಂದೆ ಶಾಲೆ, ಬಸ್ಸು, ಹೋಟೆಲುಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸಿದ ಕಾನೂನುಗಳಿಗೆ ಆ ಪಾತ್ರದ ಹೆಸರೇ ಅಂಟಿಕೊಂಡಿತು.

ಅದೇ ಕಾನೂನಿದ್ದ ಬರ್ಮಿಂಗ್‌ಹ್ಯಾಮ್‌ ಊರಲ್ಲಿ 1954ರಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು ಕಾಂಡೊಲೀಸಾ ರೈಸ್. 2005ರಲ್ಲಿ ಅಮೆರಿಕದ ವಿದೇಶಾಂಗ ಸಚಿವೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ಮಹಿಳೆ. ಇರಾಕ್ ಯುದ್ಧವನ್ನು ಸಮರ್ಥಿಸಿಕೊಂಡವರೂ ಇವರೇ.

ನಾಲ್ಕನೆಯವನು ತಾಮಿರ್ ರೈಸ್, 12 ವರ್ಷದ ಕಪ್ಪು ಹುಡುಗ. 2014ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಪಾರ್ಕಿನಲ್ಲಿ ಆಟದ ಪಿಸ್ತೂಲು ಹಿಡಿದು ಓಡಾಡುತ್ತಿದ್ದ. ಪೊಲೀಸ್ ಕಾರು ಬಂದು ನಿಂತ ಕೆಲವೇ ಸೆಕೆಂಡಿನಲ್ಲಿ ಗುಂಡು ಹಾರಿತು. ಮರುದಿನ ಹುಡುಗ ಸತ್ತ. ಗುಂಡು ಹಾರಿಸಿದವನ ಮೇಲೆ ಕ್ರಿಮಿನಲ್ ಕೇಸೇ ಆಗಲಿಲ್ಲ.

ಈಗ ಹೇಳಿ ಸ್ವಾಮಿ, ರೈಸ್ ಅಂದರೆ ಎಂಥವರು? ಪಂಡಿತರೋ, ಅಣಕಿಸುವವರೋ, ಅಧಿಕಾರದವರೋ, ಗುಂಡು ತಿಂದವರೋ? ಬಾಯಿ ಕಟ್ಟುತ್ತದೆ, ಅಲ್ಲವೇ?

ಅಡ್ಡಹೆಸರು ಮನುಷ್ಯನ ಗುಣ ಹೇಳುವುದಿಲ್ಲ ಅಂತ ಕೇಳುವವರಿಗೂ ಗೊತ್ತು. ಅವರಿಗೆ ಬೇಕಾದದ್ದು ಜಾತಿ. ಬಾಡಿಗೆ ಮನೆ ಕೇಳಿ ಬಂದವನನ್ನು ಒಳಗೆ ಕರೆಯಬೇಕೋ, ಕಟ್ಟೆಯ ಮೇಲೇ ಕೂರಿಸಿ ಕಳಿಸಬೇಕೋ ಎಂಬ ಲೆಕ್ಕ. ಅಮೆರಿಕದವರು ಬಣ್ಣ ನೋಡಿ ಹಾಕಿದ ಲೆಕ್ಕವನ್ನೇ ಇವರು ಹೆಸರು ಕೇಳಿ ಹಾಕುತ್ತಾರೆ. ಆ ಲೆಕ್ಕಕ್ಕೆ ಅಲ್ಲಿ ಕಾನೂನು ಬೇಕಾಯಿತು, ಇಲ್ಲಿ ಒಂದು ಪ್ರಶ್ನೆ ಸಾಕು.

ಇನ್ನು ಮುಂದೆ ಯಾರಾದರೂ "ನಿಮ್ಮ ಅಡ್ಡಹೆಸರು?" ಅಂದರೆ, "ಯಾಕೆ ಬೇಕಿತ್ತು?" ಅಂತ ತಿರುಗಿ ಕೇಳಿ. ಉತ್ತರ ಹೇಳುವ ಕಷ್ಟ ಅವರಿಗಿರಲಿ.