ಕೈ ಕೆಸರಾದರೆ ತಪ್ಪೇನು?



ಕಳೆದ ಭಾನುವಾರ ಬೆಳಿಗ್ಗೆ ಅಮೆರಿಕದ ಮಿಷಿಗನ್ನಿನಲ್ಲಿರುವ ನನ್ನ ಸೋದರಳಿಯ ದೂರವಾಣಿ ಕರೆ ಮಾಡಿದ್ದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಧ್ವನಿ ತಗ್ಗಿಸಿ, "ಮಾವ, ನಿಮ್ಮ ಮೊಮ್ಮಗನಿಗೆ ನೀವಾದರೂ ಬುದ್ಧಿ ಹೇಳಬೇಕು" ಎಂದ. ಹನ್ನೆರಡು ವರ್ಷದ ಆ ಬಾಲಕನ ಅಪರಾಧವಿಷ್ಟೆ: ನೆರೆಯವರು ಮನೆ ಖಾಲಿ ಮಾಡುವಾಗ ಮಾರಾಟಕ್ಕಿಟ್ಟಿದ್ದ, ಚಾಲೂ ಆಗದ ಹಳೆಯ ಪುಟ್ಟ ಡರ್ಟ್ ಬೈಕೊಂದನ್ನು ತನ್ನ ಉಳಿತಾಯದ 120 ಡಾಲರು ಕೊಟ್ಟು ತಂದು, ಗ್ಯಾರೇಜಿನ ನೆಲದ ಮೇಲೆ ಬಿಚ್ಚಿ ಹರಡಿಕೊಂಡು ಕುಳಿತಿದ್ದಾನೆ. ಅಂಗಡಿಯವನು "ರಿಪೇರಿಯ ಕೂಲಿಯೇ ಗಾಡಿಯ ಬೆಲೆಯನ್ನು ಮೀರುತ್ತದೆ, ಎಸೆದುಬಿಡಿ" ಎಂದನಂತೆ. ಹುಡುಗ ಒಪ್ಪಲಿಲ್ಲ. ಉಗುರುಗಳೆಲ್ಲ ಕಪ್ಪಾಗಿವೆ, ಓದಿನಲ್ಲಿ ಲಕ್ಷ್ಯವಿಲ್ಲ, ಹಣವೂ ದಂಡ ಎಂಬುದು ತಂದೆಯ ದೂರು.

ನನ್ನ ಸೋದರಳಿಯ ಎಂಜಿನಿಯರ್. ಎಂಜಿನಿಯರನ ಮಗ ಎಂಜಿನ್ನನ್ನು ಮುಟ್ಟಬಾರದಂತೆ! ಅಂದು ಫೋನಿನಲ್ಲಿ ಹೆಚ್ಚು ಮಾತನಾಡಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮಲ್ಲಿ ಬಹುಪಾಲು ಜನ ಈಗ ತಂದೆ ತಾಯಿಯರ ಸ್ಥಾನದಲ್ಲಿದ್ದೀರಿ, ಮತ್ತು ಈ ದೂರು ಅವನೊಬ್ಬನದಲ್ಲ.

ಮೊದಲು ಆರೋಪಿಯ ಪರಿಚಯವಾಗಲಿ. ಡರ್ಟ್ ಬೈಕ್ ಎಂದರೆ ಮಣ್ಣುದಾರಿಗೆಂದೇ ತಯಾರಾದ, ದೀಪವಾಗಲಿ ಹಾರನ್ನಾಗಲಿ ಇಲ್ಲದ, ದಪ್ಪ ಹಲ್ಲಿನ ಟೈರುಗಳ ಮೋಟಾರು ಸೈಕಲ್ಲು. ಹುಡುಗ ತಂದಿರುವುದು ಹೋಂಡಾ ಎಕ್ಸ್‌ಆರ್ 70. 1997ರಿಂದ 2003ರವರೆಗೆ ಈ ಹೆಸರಿನಲ್ಲಿಯೂ ಅನಂತರ 2012ರವರೆಗೆ ಸಿಆರ್‌ಎಫ್ 70 ಎಂಬ ಹೆಸರಿನಲ್ಲಿಯೂ ಮಾರಾಟವಾದ ಮಕ್ಕಳ ಗಾಡಿ. 72 ಸಿಸಿಯ ನಾಲ್ಕು ಸ್ಟ್ರೋಕಿನ ಎಂಜಿನ್, ಮೂರು ಗೇರು, ಕ್ಲಚ್ಚಿನ ಹಿಡಿಕೆಯಿಲ್ಲ, ಬ್ಯಾಟರಿಯಿಲ್ಲ. ಸಿಲಿಂಡರು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿರುತ್ತದೆ. 1958ರಲ್ಲಿ ಹೊರಬಂದ ಹೋಂಡಾ ಸೂಪರ್ ಕಬ್‌ನ ವಂಶ ಅದು. ನಮ್ಮೂರ ಬೀದಿಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡುವ ಹಳೆಯ ಸ್ಪ್ಲೆಂಡರ್‌ನ 97.2 ಸಿಸಿ ಎಂಜಿನ್ನೂ ಇದೇ ಮನೆತನದ್ದು. ಆದ್ದರಿಂದ ನನ್ನ ಮೊಮ್ಮಗ ಬಿಚ್ಚಿರುವುದು ಪರದೇಶದ ವಿಚಿತ್ರ ವಸ್ತುವನ್ನೇನಲ್ಲ, ನಮ್ಮ ಸಂತೆಪೇಟೆಯ ಮೆಕ್ಯಾನಿಕ್ಕು ಕಣ್ಣುಮುಚ್ಚಿ ಬಿಚ್ಚಬಲ್ಲ ಯಂತ್ರದ ದಾಯಾದಿಯನ್ನು.

ಇನ್ನು ಹಣ ದಂಡ ಎಂಬ ಆರೋಪ. ಹುಡುಗನೊಂದಿಗೇ ಮಾತನಾಡಿ ವಿಚಾರಿಸಿದೆ. ಗಾಡಿ ಚೋಕ್ ಎಳೆದರೆ ಮಾತ್ರ ಹೊತ್ತಿಕೊಳ್ಳುತ್ತಿತ್ತು, ಚೋಕ್ ಬಿಟ್ಟೊಡನೆ ನಿಲ್ಲುತ್ತಿತ್ತು. ಬಲ್ಲವರಿಗೆ ಇಷ್ಟು ಲಕ್ಷಣ ಸಾಕು. ವರ್ಷಗಟ್ಟಲೆ ನಿಂತ ಪೆಟ್ರೋಲು ಕಾರ್ಬ್ಯುರೇಟರಿನಲ್ಲಿ ಅಂಟಾಗಿ, ನಿಧಾನಗತಿಯಲ್ಲಿ ಇಂಧನ ಕೊಡುವ ಪೈಲಟ್ ಜೆಟ್ಟಿನ ರಂಧ್ರ ಕಟ್ಟಿಕೊಂಡಿದೆ. ಆ ರಂಧ್ರ ಸೂಜಿಯ ಮೊನೆಗಿಂತ ದೊಡ್ಡದೇನಲ್ಲ. ಅದನ್ನು ದ್ರಾವಣದಲ್ಲಿ ನೆನೆಸಿ, ತಾಮ್ರದ ತಂತಿಯ ಒಂದೆಳೆಯಿಂದ ಮೃದುವಾಗಿ ಬಿಡಿಸಬೇಕು. ಉಕ್ಕಿನ ತಂತಿ ತೂರಿದರೆ ಹಿತ್ತಾಳೆಯ ರಂಧ್ರ ಅಗಲವಾಗಿ ಜೆಟ್ಟೇ ಕೆಡುತ್ತದೆ. ಟ್ಯಾಂಕಿನೊಳಗಿನ ತುಕ್ಕಿಗೆ ಅಡುಗೆಮನೆಯ ವಿನೆಗರು ಒಂದು ರಾತ್ರಿ, ಬಳಿಕ ಸೋಡಾಪುಡಿ ಕದಡಿದ ನೀರು, ಬಳಿಕ ಚೆನ್ನಾಗಿ ಒಣಗಿಸುವುದು. ಹೊಸದಾಗಿ ಕೊಳ್ಳಬೇಕಾದುದು ಒಂದು ಸ್ಪಾರ್ಕ್ ಪ್ಲಗ್ಗು, ಗಾಳಿಸೋಸುಕದ ಸ್ಪಂಜು, ಎಂಜಿನ್ ಎಣ್ಣೆ, ಬ್ರೇಕ್ ಶೂ, ಕೇಬಲ್ಲುಗಳು. ಇಷ್ಟೆಲ್ಲ ಸೇರಿ ಅವನಿಗಾದ ಖರ್ಚು ನೂರು ಡಾಲರಿನೊಳಗೆ. ಇಂಥದೇ ಹೊಸ ಗಾಡಿಗೆ ಹೋಂಡಾದವರೇ ಎರಡು ಸಾವಿರ ಡಾಲರಿಗೂ ಮೇಲೆ ಕೇಳುತ್ತಾರೆ. ಅಂಗಡಿಯವನ ಲೆಕ್ಕ ಸುಳ್ಳಲ್ಲ. ಅದು ಅವನ ಗಂಟೆಗಳ ಬೆಲೆ. ಬಾಲಕನ ಗಂಟೆಗಳನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಮೂರ್ಖತನ. ಅವನು ಗಂಟೆಗಳನ್ನು ಕಳೆಯುತ್ತಿಲ್ಲ, ಗಳಿಸುತ್ತಿದ್ದಾನೆ.

ಎರಡನೆಯ ಆರೋಪ ಓದಿನದು. ಇಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಸಂದು 0.6ರಿಂದ 0.7 ಮಿಲಿಮೀಟರಿರಬೇಕು, ಎಂಜಿನ್ ತಣ್ಣಗಿರುವಾಗ ವಾಲ್ವಿನ ಸಂದು 0.05 ಮಿಲಿಮೀಟರಿರಬೇಕು ಎಂದು ಅವನು ಫೀಲರ್ ಗೇಜಿನಿಂದ ಅಳೆದಿದ್ದಾನೆ. ದಶಾಂಶವೆಂದರೇನೆಂದು ಬೆರಳ ತುದಿಯಿಂದ ತಿಳಿದಿದ್ದಾನೆ. ಬ್ಯಾಟರಿಯಿಲ್ಲದೆ ಕಿಡಿ ಹೇಗೆ ಹಾರುತ್ತದೆಂದು ಕೇಳಿದ. ಸುತ್ತುವ ಆಯಸ್ಕಾಂತ, ಪಕ್ಕದಲ್ಲಿ ತಂತಿಯ ಸುರುಳಿ: 1831ರಲ್ಲಿ ಫ್ಯಾರಡೆ ಕಂಡ ತತ್ತ್ವ ಅವನ ಗ್ಯಾರೇಜಿನಲ್ಲಿ ಕುಳಿತಿದೆ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕೆಂಬುದು ರಸಾಯನಶಾಸ್ತ್ರವಲ್ಲದೆ ಮತ್ತೇನು? ಇದು ಓದಲ್ಲವಾದರೆ ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದುದೂ ಓದಲ್ಲ.

ಆ ಕಪ್ಪುಹಲಗೆಯ ಮಾತು ಬಂದುದರಿಂದ ಒಂದು ತಪ್ಪೊಪ್ಪಿಗೆ. ನಿಮ್ಮಲ್ಲಿ ಕೆಲವರು ಅಂದು ತರಗತಿಯಲ್ಲಿ ಇದ್ದಿರಬಹುದು.

ಆ ದಿನಗಳಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ ಗಾಡಿಗಳು ನಮ್ಮ ಕಡೆಯ ತೋಟದ ದಾರಿಗಳಲ್ಲಿ ಬಹಳ ಓಡುತ್ತಿದ್ದವು. ಗೇರಿನ ಸನ್ನೆಯನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುವ ಅದರ ಚಮತ್ಕಾರ ನಿಮಗೆ ನೆನಪಿರಬೇಕು. ಒಬ್ಬ ಹುಡುಗ ಶಾಲೆಗೆ ಬರುವ ಮುನ್ನ ತನ್ನ ಚಿಕ್ಕಪ್ಪನಿಗೆ ಅಂಥ ಗಾಡಿಗಳನ್ನು ಬಿಚ್ಚಿ ಜೋಡಿಸಲು ನೆರವಾಗುತ್ತಿದ್ದ. ಒಂದು ದಿನ ಅವನ ಉತ್ತರಪತ್ರಿಕೆಯ ಮೇಲೆ ಎಣ್ಣೆಯ ಬೆರಳಚ್ಚು ಮೂಡಿತ್ತು. ನಾನು ಅದನ್ನು ಎತ್ತಿ ಇಡೀ ತರಗತಿಗೆ ತೋರಿಸಿ, "ನಿನಗೆ ಶಾಲೆ ಏಕೆ, ಗ್ಯಾರೇಜೇ ಸಾಕು" ಎಂದೆ. ಎಲ್ಲರೂ ನಕ್ಕರು. ಮರುವಾರದಿಂದ ಅವನು ಬರಲಿಲ್ಲ. ನಾನು ಅವನ ಮನೆಗೆ ಹೋಗಿ ಕರೆಯಲೂ ಇಲ್ಲ.

ಅದೇ ವಾರ ನಾನು ಬೋಧಿಸುತ್ತಿದ್ದ ಪಾಠ ಅಂತರ್ದಹನ ಎಂಜಿನ್! ನಾಲ್ಕು ಸ್ಟ್ರೋಕುಗಳ ಚಿತ್ರವನ್ನು ಅಂದವಾಗಿ ಬಿಡಿಸುತ್ತಿದ್ದ ನನಗೆ ನನ್ನ ಸ್ವಂತ ಮೊಪೆಡ್ಡಿನ ಕಾರ್ಬ್ಯುರೇಟರು ಯಾವ ಪಕ್ಕದಲ್ಲಿದೆಯೆಂದು ತಿಳಿದಿರಲಿಲ್ಲ. ಆ ಕೋಣೆಯಲ್ಲಿ ಎಂಜಿನ್ನನ್ನು ನಿಜವಾಗಿ ಬಲ್ಲವನು ಒಬ್ಬನೇ ಇದ್ದ, ಅವನನ್ನೇ ಹೊರಗಟ್ಟಿದೆ.

"ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಗೆ ವಿಸ್ತರಣೆ ಬರೆಸಿ ಹತ್ತಕ್ಕೆ ಒಂಬತ್ತು ಅಂಕ ಕೊಡುವವರು ನಾವೇ. ಕೆಸರಾದ ಕೈ ಕಂಡೊಡನೆ ಮೂಗು ಮುರಿಯುವವರೂ ನಾವೇ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಶಿಕ್ಷಣ ನಡೆಯಲಿ ಎಂದರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಕ್ಷಣದ ಅಂಗವಾಗಿಸಿ ಎಂದಿತು. ವೇಳಾಪಟ್ಟಿಯಲ್ಲಿ ಆ ಅವಧಿ ಇತ್ತು. ಅದನ್ನು ಗಣಿತದ ಬಾಕಿ ಪಾಠಗಳಿಗೆ ಕಬಳಿಸಿದವರಲ್ಲಿ ನಾನೂ ಒಬ್ಬ. ಕೈಯಿಂದ ದುಡಿಯುವವನು ಕೆಳಗಿನವನು ಎಂಬ ನಮ್ಮ ಹಳೆಯ ರೋಗ ಈಗ ಮಿತವ್ಯಯದ ಮಾತು, ಓದಿನ ಮಾತು ಎಂಬ ವೇಷ ತೊಟ್ಟು ಸಾಗರ ದಾಟಿ ಮಿಷಿಗನ್ನಿಗೂ ಹೋಗಿದೆ. ನನ್ನ ಸೋದರಳಿಯನ ದೂರಿನ ತಿರುಳು ಹಣವಲ್ಲ. ಮಗನ ಉಗುರಿನ ಕಪ್ಪು.

ಮೂರನೆಯ ಆತಂಕ ಅಪಾಯದ್ದು. ಇದನ್ನು ಮಾತ್ರ ಪೂರ್ಣವಾಗಿ ಒಪ್ಪುತ್ತೇನೆ. ಆದ್ದರಿಂದ ಹುಡುಗನಿಗೂ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಅವನಿಗೆ ಮೊದಲು ಕೊಳ್ಳಬೇಕೆನಿಸಿದ್ದು ಬಣ್ಣದ ಚೀಟಿಗಳು ಮತ್ತು ಸದ್ದು ಮಾಡುವ ಸೈಲೆನ್ಸರು! ನಮ್ಮೂರ ತರುಣರದೂ ಇದೇ ಹುಚ್ಚು: ಬ್ರೇಕು ಹಿಡಿಯದ ಗಾಡಿಗೆ ಹೊಳೆಯುವ ಕನ್ನಡಿ. ಅಲ್ಪ ಹಣದ ರಿಪೇರಿಗೆ ಒಂದೇ ಕ್ರಮವಿದೆ: ಗಾಡಿ ಮೊದಲು ನಿಲ್ಲಲಿ, ಬಳಿಕ ಓಡಲಿ, ಹಣ ಉಳಿದರೆ ಹೊಳೆಯಲಿ. ಬ್ರೇಕು, ಟೈರು, ಸರಪಳಿ, ಚಕ್ರದ ಬೇರಿಂಗು, ಆಕ್ಸಿಲರೇಟರಿನ ಕೇಬಲ್ಲು ಸರಿಯಾಗುವವರೆಗೆ ಎಂಜಿನ್ನಿಗೆ ಕಿಕ್ ಹೊಡೆಯಕೂಡದು. ಬ್ರೇಕ್ ಡ್ರಮ್ಮಿನ ಹಳೆಯ ಧೂಳನ್ನು ಬಾಯಿಂದ ಊದಕೂಡದು, ಅದರಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪೆಟ್ರೋಲಿನ ಕೆಲಸವೆಲ್ಲ ಬಾಗಿಲು ತೆರೆದು, ಹಿರಿಯರ ಎದುರಿನಲ್ಲಿಯೇ. ಚೌಕಟ್ಟು ಬಿರುಕು ಬಿಟ್ಟಿದ್ದರೆ ಗಾಡಿಗೆ ಕೈಮುಗಿದು ಬಿಡಬೇಕು; ಅಲ್ಲಿ ಮಿತವ್ಯಯದ ಮಾತಿಲ್ಲ. ಶಿರಸ್ತ್ರಾಣವಂತೂ ಹೊಸದೇ ಆಗಬೇಕು. ಸಾರ್ವಜನಿಕ ರಸ್ತೆಗೆ ಆ ಗಾಡಿ ಇಳಿಯಕೂಡದು.

ಹಳೆಯ ಗಾಡಿಗಳೆಲ್ಲ ಚೆನ್ನ, ಹೊಸತೆಲ್ಲ ಕೆಟ್ಟದ್ದು ಎಂಬ ಮುದುಕರ ಹಾಡನ್ನು ನಾನು ಹಾಡುತ್ತಿಲ್ಲ. ಯೆಜ್ದಿಯಂಥ ಎರಡು ಸ್ಟ್ರೋಕಿನ ಗಾಡಿಗಳ ಹೊಗೆಯನ್ನು ಕುಡಿದವನು ನಾನು. ನಾನು ಹೇಳುವುದಿಷ್ಟೆ: ಕೆಟ್ಟುದನ್ನು ಎಸೆಯುವ ಮುನ್ನ ಏಕೆ ಕೆಟ್ಟಿತೆಂದು ನೋಡುವ ಬುದ್ಧಿಯನ್ನು ಮಕ್ಕಳಲ್ಲಿ ಕೊಲ್ಲಬೇಡಿ. ಆ ಬುದ್ಧಿಯನ್ನು ಯಾವ ಟ್ಯೂಷನ್ನೂ ಮರಳಿ ಕೊಡಲಾರದು.

ಅಳಿಯಾ, ಇದನ್ನು ಓದುತ್ತೀಯೆಂದು ಬಲ್ಲೆ. ಈ ಶನಿವಾರ ಗ್ಯಾರೇಜಿಗೆ ಇಳಿದು ಮಗನಿಗೆ ಟಾರ್ಚು ಹಿಡಿ. ಬುದ್ಧಿ ಹೇಳಬೇಡ, ಅವನು ಹೇಳಿದ ಕಡೆಗೆ ಬೆಳಕು ಬಿಡು. ನಿನ್ನ ಕೈಗೂ ಸ್ವಲ್ಪ ಎಣ್ಣೆಯಾಗಲಿ.

ಮತ್ತು ಅಂದು ನನ್ನ ತರಗತಿಯಿಂದ ಹೊರಟುಹೋದ ಆ ಹುಡುಗ ಇಂದು ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಾದರೂ ಬಲ್ಲಿರಾದರೆ ದಯವಿಟ್ಟು ತಿಳಿಸಿ. ಅವನಿಗೆ ಹೇಳಬೇಕಾದ ಮಾತೊಂದು ಬಾಕಿಯಿದೆ.

ಎಲ್ಲರಿಗೂ ಆಶೀರ್ವಾದಗಳು.

ನಿಮ್ಮ ಮೇಷ್ಟ್ರು