ಬಾಣಂತಿ ಇರುವ ಊರು

ಇಂಟರ್ನಲ್ಸ್ ಮುಗಿದ ಮೇಲೆ, ಫೆಬ್ರುವರಿಯ ಒಂದು ಭಾನುವಾರ ನಾವು ನಾಲ್ವರು ಎರಡು ಬೈಕ್‌ಗಳಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದರೂ ಮದ್ದೂರು ತಾಲ್ಲೂಕಿನ ಈ ಹಳ್ಳಿಯತ್ತ ತಿರುಗಿರಲಿಲ್ಲ. ಮನೆಗಳ ನಡುವಿನ ಹುಣಸೆಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಕಟ್ಟಿದ ಎಮ್ಮೆ, ಮಕ್ಕಳ ಆಟ. ಗೆಳೆಯ ರೀಲ್ಸ್‌ಗೆಂದು ಸ್ಪೀಕರ್ ಹಾಕಿದ. ಜಗಲಿಯಲ್ಲಿದ್ದ ಅಜ್ಜಿ ಎದ್ದು ಬಂದರು.

‘ಬಾಣಂತಿ ಇರೋ ಮನೇಲಿ ಹಿಂಗೆ ಗಲಾಟೆ ಮಾಡ್ತಾರೇನ್ರಪ್ಪ?’

ಈ ಊರಿಗೆ ಆ ಹಕ್ಕಿಗಳು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು. ಸ್ಪೀಕರ್ ಬ್ಯಾಗ್ ಸೇರಿತು.

ಗೂಡಿರುವ ಮರದಲ್ಲಿ ಹುಣಸೆ ಫಸಲು ಸರಿಯಾಗಿ ಕೈಗೆ ಹತ್ತುವುದಿಲ್ಲ. ಅರಣ್ಯ ಇಲಾಖೆಯ ಪರಿಹಾರವಿದೆ, 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಘೋಷಣೆಯೂ ಆಗಿದೆ, ನಿಜ. ಆದರೆ ಅದಕ್ಕೂ ಮೊದಲಿನಿಂದ ಮರ ಕಡಿಯದೆ ನಷ್ಟ ನುಂಗಿಕೊಂಡವರು ಊರಿನವರು. ನಾವೋ, ಚಿಪ್ಸ್, ನೀರಿನ ಬಾಟಲಿಯನ್ನೂ ಬೆಂಗಳೂರಿನಿಂದಲೇ ಹೊತ್ತೊಯ್ದಿದ್ದೆವು. ಹಳ್ಳಿಯ ನೆಮ್ಮದಿ ಪುಕ್ಕಟೆ ಸಿಗುತ್ತದೆಂದೇ ನಮ್ಮ ಲೆಕ್ಕ. ಹೋಗಲೇಬಾರದು ಎನ್ನುತ್ತಿಲ್ಲ, ಹೋದರೆ ಅಲ್ಲಿನ ಅಂಗಡಿಯಲ್ಲೇ ಟೀ, ತಿಂಡಿ ಆಗಲಿ, ಮನೆಯ ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳೋಣ.

ಹೊರಡುವಾಗ ಅದೇ ಅಜ್ಜಿ ಒಂದು ಹಿಡಿ ಹುಣಸೆಹಣ್ಣು ಕೊಟ್ಟರು. ದುಡ್ಡು ಕೊಡಬೇಕಿತ್ತೆಂದು ನಮಗೆ ಹೊಳೆದದ್ದು ಚನ್ನಪಟ್ಟಣ ದಾಟಿದ ಮೇಲೆ.