ವಕೀಲರಿಗೆ ತೋರಿಸದೆ ಬಿಟ್ಟ ಕಾಗದ

ಹಸು ಕೊಳ್ಳುವಾಗ ನಾವು ಹಲ್ಲು ನೋಡ್ತೇವೆ, ಕೆಚ್ಚಲು ಮುಟ್ಟಿ ನೋಡ್ತೇವೆ, ಎಷ್ಟನೇ ಸೂಲು ಅಂತ ಮೂರು ಜನರನ್ನು ಕೇಳ್ತೇವೆ. ಜಮೀನಿನ ವ್ಯಾಜ್ಯಕ್ಕೆ ವಕೀಲರನ್ನು ಹಿಡಿಯುವಾಗ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ ಒಂದು ಹೆಸರು ಸಾಕು. ಚೀಲ ಬಗಲಿಗೆ ಹಾಕಿಕೊಂಡು ಹೊರಟೇಬಿಡ್ತೇವೆ.

ನಾನೂ ಹಾಗೇ ಹೋದವನು. ಹನೂರು ಕಡೆ ನಮ್ಮದು ಎರಡೂವರೆ ಎಕರೆ ಖುಷ್ಕಿ. ಪಕ್ಕದವರು ನಮ್ಮ ಬದುವಿನ ಪಕ್ಕ ಗಾಡಿ ಹೊಡೀತಾರೆ ಅನ್ನೋದು ತಕರಾರು. ಪಹಣಿ, ಕಂದಾಯ ರಶೀದಿ ಎಲ್ಲ ತುಂಬಿಕೊಂಡು ಕೊಳ್ಳೇಗಾಲದ ಬಸ್ ಹತ್ತಿದೆ. ಒಂದು ಕಾಗದ ಮಾತ್ರ ಮನೆಯ ಪೆಟ್ಟಿಗೆಯಲ್ಲೇ ಬಿಟ್ಟೆ. ನಮ್ಮಪ್ಪನೂ ಪಕ್ಕದವರ ಅಪ್ಪನೂ 1987ರಲ್ಲಿ ಬರೆದುಕೊಂಡ ಒಪ್ಪಂದ ಅದು. ಬದುವಿನ ಪಕ್ಕ ಎಂಟು ಅಡಿ ಗಾಡಿ ದಾರಿ ಬಿಡತಕ್ಕದ್ದು ಅಂತ ಬರೆದು, ಕೆಳಗೆ ಅಪ್ಪನ ಹೆಬ್ಬೆಟ್ಟು. ಇದನ್ನು ತೋರಿಸಿದರೆ ವಕೀಲರು ಕೇಸೇ ಹಿಡಿಯಲ್ಲ ಅನ್ನೋದು ನನ್ನ ಲೆಕ್ಕಾಚಾರ.

ತಡೆಯಾಜ್ಞೆ ಸಿಕ್ಕಿತು. ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಎದುರು ಪಾರ್ಟಿ ಆ ಒಪ್ಪಂದದ ಇನ್ನೊಂದು ಪ್ರತಿಯನ್ನು ಕೋರ್ಟಿಗೆ ಹಾಜರು ಮಾಡಿತು. ಪಾಟೀ ಸವಾಲಿನಲ್ಲಿ 'ಇದು ನಿಮ್ಮ ತಂದೆಯವರ ಹೆಬ್ಬೆಟ್ಟೇ ತಾನೆ?' ಅಂದಾಗ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ನಮ್ಮ ವಕೀಲರು ತಲೆ ತಗ್ಗಿಸಿ ಕೂತಿದ್ದರು. ಆರು ವರ್ಷ ಅಲೆದಿದ್ದೆ. ಎರಡು ಹಸು ಮಾರಿದ್ದೆ. ದಾವೆ ವಜಾ ಆಯಿತು. ಹೊರಗೆ ಬಂದ ಮೇಲೆ ಅವರು ಅಂದಿದ್ದು ಇಷ್ಟೇ: "ಈ ಕಾಗದ ಮೊದಲ ದಿನವೇ ತೋರಿಸಿದ್ದರೆ ನಾನೇ ಕೂತು ರಾಜಿ ಮಾಡಿಸ್ತಿದ್ದೆ ಕಣಪ್ಪ."

ಕೇಸು ಸೋತಾಗ ವಕೀಲರನ್ನು ಬಯ್ಯೋದು ನಮಗೆ ರೂಢಿ. ಬಯ್ಯಿಸಿಕೊಳ್ಳಬೇಕಾದವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನನ್ನ ಅಭಿಪ್ರಾಯ ಹೇಳಬೇಕೆಂದರೆ, ನಮ್ಮ ಬಹಳಷ್ಟು ಕೇಸುಗಳು ಮೊದಲ ಭೇಟಿಯ ದಿನವೇ ಕೆಡುತ್ತವೆ, ಕೆಡಿಸುವವರು ನಾವೇ. ವಕೀಲರಿಗೆ ಹೇಳಿದ ಗುಟ್ಟನ್ನು ಅವರು ನಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಬಿಡುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಈ ಮಾತಿತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಅಪರಾಧ ಮಾಡೋಕೆ ಸಲಹೆ ಕೇಳಿದರೆ ಮಾತ್ರ ಆ ರಕ್ಷಣೆ ಇಲ್ಲ. ಹಾಗಿರುವಾಗ ಮುಚ್ಚಿಡೋದು ಯಾಕೆ? ನಮಗೆ ವಿರುದ್ಧವಾದ ಕಾಗದವೇ ಮೊದಲು ಮೇಜಿನ ಮೇಲೆ ಬರಬೇಕು.

ಅಕ್ಕತಂಗಿಯರ ವಿಷಯವೂ ಅಷ್ಟೇ. ವಂಶವೃಕ್ಷದಲ್ಲಿ ಅವರ ಹೆಸರು ಬಿಟ್ಟು ಭಾಗದ ದಾವೆಗೆ ಹೊರಡುವವರಿದ್ದಾರೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಟ್ಟ ಹೆಸರು ಇವತ್ತಲ್ಲ ನಾಳೆ ಕೋರ್ಟಿನ ಬಾಗಿಲು ತಟ್ಟುತ್ತದೆ.

ಯಾವ ಬಾಗಿಲಿಗೆ ಹೋಗಬೇಕು ಅನ್ನೋದೂ ಮೊದಲ ದಿನವೇ ತೀರ್ಮಾನ ಆಗಬೇಕು. ಬದು ಒತ್ತುವರಿ ಅನುಮಾನ ಇದ್ದರೆ ಮೊದಲು ಸರ್ವೆಗೆ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಿ. ಎಷ್ಟೋ ಜಗಳ ಸರಪಳಿ ಎಳೆದಾಗಲೇ ಮುಗಿಯುತ್ತೆ. ತಹಸೀಲ್ದಾರರ ಖಾತೆ ಆದೇಶದ ಮೇಲೆ ತಕರಾರಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಆ ಕಚೇರಿ ಇರೋದು ಕೊಳ್ಳೇಗಾಲದಲ್ಲಿ. ವಾಯಿದೆ 60 ದಿನ. ಹಕ್ಕು, ಭಾಗ, ತಡೆಯಾಜ್ಞೆ ಬೇಕಾದರೆ ಸಿವಿಲ್ ಕೋರ್ಟು. ಆದ್ದರಿಂದ ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ 'ಗೆಲ್ತೀವಾ?' ಅನ್ನೋದಲ್ಲ, 'ನನಗೆ ಇನ್ನೆಷ್ಟು ದಿನ ಉಳಿದಿದೆ?' ಅನ್ನೋದು.

ಇನ್ನು ಕಾಗದ. ನಮ್ಮ ಮೂರೂ ತಾಲೂಕಿನ ಕಾಗದಪತ್ರಗಳ ಚರಿತ್ರೆ ಬೇರೆ ಬೇರೆ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ. ಹನೂರು ಇತ್ತೀಚಿನವರೆಗೂ ಕೊಳ್ಳೇಗಾಲ ತಾಲೂಕಿನಲ್ಲೇ ಇತ್ತು. ಹಾಗಾಗಿ ಅಜ್ಜನ ಕ್ರಯಪತ್ರದಲ್ಲಿ ಬೇರೆ ಜಿಲ್ಲೆಯ ಹೆಸರಿದ್ದರೆ, ಅಕ್ಷರ ಓದಲು ಬಾರದಿದ್ದರೆ 'ಹಳೇ ಕಾಗದ' ಅಂತ ಪೆಟ್ಟಿಗೆಯಲ್ಲಿ ಬಿಡಬೇಡಿ. ಪಹಣಿ ಜೊತೆಗೆ ಮ್ಯುಟೇಶನ್ ಪ್ರತಿ, ಋಣಭಾರ ಪತ್ರ, ಟಿಪ್ಪಣಿ, ಆಕಾರಬಂದ್, ಪಾಲುಪಟ್ಟಿ, ವಂಶವೃಕ್ಷ, ಬಂದಿರುವ ನೋಟೀಸು, ಎಲ್ಲವನ್ನೂ ಹಳೆಯದರಿಂದ ಹೊಸದಕ್ಕೆ ಜೋಡಿಸಿಕೊಳ್ಳಿ. ಮೊದಲ ದಿನ ಜೆರಾಕ್ಸ್ ಕೊಡಿ, ಮೂಲಪತ್ರ ತೋರಿಸಿ ವಾಪಸ್ ತನ್ನಿ. ಮುಂದೆ ಮೂಲಪತ್ರ ಕೊಡಲೇಬೇಕಾದರೆ ಪಟ್ಟಿ ಬರೆದು ಸಹಿ ಹಾಕಿಸಿಕೊಳ್ಳಿ.

ಇದರ ಮೇಲೆ ಒಂದು ಹಾಳೆ ಇರಲಿ. ಯಾವ ವರ್ಷ ಏನಾಯಿತು, ಈಗ ಉಳುಮೆ ಯಾರದ್ದು, ಸಾಕ್ಷಿ ಯಾರು, ನಮಗೆ ಏನು ಬೇಕು, ಎಷ್ಟಕ್ಕೆ ರಾಜಿ ಆಗಬಹುದು. ಇಷ್ಟನ್ನು ಮನೆಯಲ್ಲಿ ಮಗನೋ ಮಗಳೋ ಬರೆದುಕೊಡಲಿ. ವಕೀಲರ ಮುಂದೆ ಕೂತು ಅರ್ಧ ಗಂಟೆ ಪಕ್ಕದವರನ್ನು ಬಯ್ಯುವುದು ತಪ್ಪುತ್ತೆ.

ಫೀಸಿನ ಮಾತು ಆಡೋಕೆ ನಮಗೆ ಸಂಕೋಚ. ಆಡಲೇಬೇಕು. ಒಟ್ಟು ಎಷ್ಟು, ಕಂತು ಹೇಗೆ, ಕೋರ್ಟ್ ಶುಲ್ಕ ಬೇರೆಯೋ ಸೇರಿಯೋ, ವಿಚಾರಣೆಗೆ ಅವರೇ ಬರ್ತಾರೋ ಕಿರಿಯರೋ, ಎಲ್ಲ ಕೇಳಿ. ಕೊಟ್ಟ ದುಡ್ಡಿಗೆ ರಶೀದಿ ಕೇಳಿ. 'ಗೆದ್ದರೆ ಜಮೀನಿನಲ್ಲಿ ಪಾಲು' ಅನ್ನುವ ಕರಾರನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಖಾಲಿ ಹಾಳೆಗೆ ಸಹಿ ಬೇಡ. ವಕಾಲತ್ತನ್ನು ಓದಿಸಿ ಕೇಳಿ ಆಮೇಲೆ ಸಹಿ ಹಾಕಿ. ದಾವೆ ದಾಖಲಾದ ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಬರೆಸಿಕೊಂಡರೆ ಮುಂದಿನ ತಾರೀಕನ್ನು ಮೊಬೈಲಿನಲ್ಲೇ ನೋಡಬಹುದು. ವಕೀಲರನ್ನು ಬದಲಿಸುವ ಸಂದರ್ಭ ಬಂದರೆ, ಫೀಸು ಬಾಕಿ ಅಂತ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಫೀಸಿಗೆ ಕಾಸಿಲ್ಲ ಅನ್ನುವವರಿಗೆ ಕೋರ್ಟಿನ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಬಿಳಿಗಿರಿರಂಗನ ಬೆಟ್ಟದ, ಮಾದೇಶ್ವರ ಬೆಟ್ಟದ ಸೋಲಿಗರೂ ಇದರಲ್ಲಿ ಬಂದರು. ಉಳಿದವರಲ್ಲಿ ಹೆಚ್ಚಿನವರಿಗೆ ವರ್ಷದ ಆದಾಯ 3 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು. ಫೋನ್ ಮಾಡಿ ಕೇಳುವುದಾದರೆ 15100. ಇದು ಭಿಕ್ಷೆಯಲ್ಲ, 1987ರ ಕಾಯ್ದೆ ಕೊಟ್ಟ ಹಕ್ಕು. ಕೋರ್ಟಿನಲ್ಲಿರುವ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತೆ. ಆದರೆ ಅದರ ಮೇಲೆ ಅಪೀಲು ಇಲ್ಲ, ಆದ್ದರಿಂದ ಪೂರ್ತಿ ಓದಿಸಿಕೊಂಡೇ ಸಹಿ ಹಾಕಬೇಕು.

ನನ್ನ ಕೇಸು ಮುಗಿದ ಮೇಲೆ ಆ ಎಂಟು ಅಡಿ ದಾರಿ ಹಾಗೇ ಇದೆ. ಕಳೆದ ಸುಗ್ಗಿಯಲ್ಲಿ ನನ್ನ ಮುಸುಕಿನ ಜೋಳದ ಟ್ರ್ಯಾಕ್ಟರೂ ಅದರ ಮೇಲೇ ಬಂತು. ಪಕ್ಕದವರು ಎದುರಿಗೆ ಸಿಕ್ಕಿ, ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಬದುವಿನ ಮೇಲೆ ನಿಂತರು. ಮಾತು ಮಾತ್ರ ಇನ್ನೂ ಇಲ್ಲ. ಆರು ವರ್ಷ, ಎರಡು ಹಸು, ಒಂದು ಅಕ್ಕಪಕ್ಕದ ಸ್ನೇಹ. ಅಪ್ಪನ ಹೆಬ್ಬೆಟ್ಟನ್ನು ಮುಚ್ಚಿಟ್ಟಿದ್ದಕ್ಕೆ ನಾನು ತೆತ್ತ ದಂಡ ಇದು. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಅಂಥ ಕಾಗದ ಇದ್ದರೆ, ಕೊಳ್ಳೇಗಾಲಕ್ಕೆ ಹೊರಡುವಾಗ ಅದನ್ನೇ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡು ಹೋಗಿ.